ಸಣ್ಣ ಲ್ಯಾಪ್‌ಟಾಪಿಗೆ ಬೇರೆ ದಾರಿ

(ಸಂಘದ ರಜತ ಮಹೋತ್ಸವ ವರ್ಷದ ಅಂಗವಾಗಿ ಸದಸ್ಯರಿಗೂ ಅವರ ಮಕ್ಕಳಿಗೂ ಸಂಘದ ಆವರಣದಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಕಂಪ್ಯೂಟರ್ ಓದಿದವನಲ್ಲ. 1995ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ತೋಟಕ್ಕೆ ಇಳಿದವನು. ಹಸು, ತೆಂಗು, ರಾಗಿ ಇವಿಷ್ಟೇ ನನ್ನ ವಿದ್ಯೆ. ಅಧ್ಯಕ್ಷರು "ನೀನು ಆ ಹಳೇ ಲ್ಯಾಪ್‌ಟಾಪಿನ ವಿಷಯ ಹೇಳು, ಜನಕ್ಕೆ ಉಪಯೋಗ ಆಗುತ್ತೆ" ಎಂದಾಗ ನಾನು ಒಪ್ಪಿಕೊಳ್ಳೋಕೆ ಎರಡು ಕಾರಣ. ಒಂದು, ಇದರಿಂದ ನಮ್ಮ ಮನೆಗೆ ದುಡ್ಡು ಉಳಿದದ್ದು. ಇನ್ನೊಂದು, ಇದರಿಂದಲೇ ನಮ್ಮ ಸಂಘಕ್ಕೆ ನನ್ನ ಕೈಯಿಂದ ಒಂದು ನಷ್ಟ ಆದದ್ದು. ಉಳಿದ ದುಡ್ಡಿನ ಮಾತನ್ನು ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದ್ದೇನೆ. ನಷ್ಟದ ಮಾತನ್ನು ಇಷ್ಟು ಜನರ ಮುಂದೆ ಹೇಳ್ತಿರೋದು ಇವತ್ತೇ ಮೊದಲು.

ನಮ್ಮ ಊರಿನಲ್ಲಿ ಈಗ ಎಷ್ಟೋ ಮನೆಗಳಲ್ಲಿ ಸಣ್ಣ ಲ್ಯಾಪ್‌ಟಾಪು ಇವೆ. ಹನ್ನೊಂದು ಇಂಚಿನ ಪರದೆ, ಹಗೂರ, ಹತ್ತು ಹನ್ನೆರಡು ಸಾವಿರಕ್ಕೆ ಬಂದಂಥವು. ಬಹಳ ಮನೆಗಳಲ್ಲಿ ಅದು ಈಗ ಬೀರುವಿನ ಮೇಲೆ, ಟವಲು ಹೊದ್ದುಕೊಂಡು ಕೂತಿದೆ. ಯಾಕೆ ಅಂತ ಕೇಳಿದರೆ ಒಂದೇ ಉತ್ತರ: "ಸ್ಲೋ ಆಯ್ತು, ಕೆಟ್ಟೋಯ್ತು." ನಾನು ಹೇಳೋದು ಇಷ್ಟೇ. ಸ್ಲೋ ಆಗೋದು ಬೇರೆ, ಕೆಡೋದು ಬೇರೆ.

ನಮ್ಮ ಮನೆ ಕಥೆಯಿಂದಲೇ ಶುರು ಮಾಡ್ತೀನಿ. ಮಗಳಿಗೆ ಅಂತ 2017ರಲ್ಲಿ ಅಂಥದ್ದೊಂದು ಲ್ಯಾಪ್‌ಟಾಪು ತಂದೆ. ಎರಡು ಜಿಬಿ ರ‍್ಯಾಮು, ಒಳಗೆ ಸಾಮಾನು ಇಡೋ ಜಾಗ ಮೂವತ್ತೆರಡು ಜಿಬಿ. ವಿಂಡೋಸ್ 10 ಹಾಕಿಕೊಟ್ಟಿದ್ದರು. ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ವಿಂಡೋಸು ತನ್ನನ್ನು ತಾನೇ ಹೊಸದು ಮಾಡಿಕೊಳ್ಳಬೇಕು ಅನ್ನೋದು, ಜಾಗ ಇಲ್ಲ ಅನ್ನೋದು, ಅರ್ಧಕ್ಕೆ ನಿಲ್ಲೋದು, ಮಾರನೇ ದಿನ ಮತ್ತೆ ಅದೇ ರಾಗ. ಮಗಳು ತನ್ನ ಫೋಟೋ, ಪಾಠ ಎಲ್ಲವನ್ನೂ ಅಳಿಸಿ ಜಾಗ ಮಾಡಿಕೊಟ್ಟಳು. ಆ ಜಾಗವನ್ನೂ ಅದೇ ನುಂಗಿತು. 2020ರಲ್ಲಿ ಕೊರೋನಾ ಬಂದು ಕಾಲೇಜಿನವರು ಆನ್‌ಲೈನ್ ಪಾಠ ಅಂದಾಗ, ಗುಂಡಿ ಒತ್ತಿ, ಹಾಲು ಕರೆದು, ಸಂಘಕ್ಕೆ ಹಾಕಿ ಬಂದರೂ ಇನ್ನೂ ಪರದೆ ಮೇಲೆ ಚುಕ್ಕಿ ಸುತ್ತುತ್ತಾ ಇರ್ತಿತ್ತು.

ತಾಲ್ಲೂಕಿನ ಅಂಗಡಿಯೊಂದಕ್ಕೆ ತಗೊಂಡು ಹೋದೆ. ಅಲ್ಲಿದ್ದವರು ಮುಚ್ಚಳ ತೆರೆದು ಕೂಡ ನೋಡಲಿಲ್ಲ. "ಗುಜರಿಗೆ ಹಾಕಿ ಯಜಮಾನ್ರೇ, ಇದರ ಕಾಲ ಮುಗೀತು" ಅಂದರು. ಹೊಸದಕ್ಕೆ ಮೂವತ್ತೈದು ಸಾವಿರ. ಆಗ ಆ ದುಡ್ಡಿಗೆ ಒಂದು ಒಳ್ಳೇ ಪಡ್ಡೆ ಬರ್ತಿತ್ತು. ಹಾಲಿನ ಬಟವಾಡೆ ನಂಬಿಕೊಂಡು ಬದುಕುವ ಮನೆಯಲ್ಲಿ ಪಡ್ಡೆಯೋ ಲ್ಯಾಪ್‌ಟಾಪೋ ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ಆ ವಾರ ನಮ್ಮ ಅಕ್ಕನ ಮಗ ಊರಿಗೆ ಬಂದಿದ್ದ. ಡಿಪ್ಲೊಮಾ ಓದ್ತಿದ್ದ ಹುಡುಗ. ಅದನ್ನು ತಿರುಗಿಸಿ ಮುರುಗಿಸಿ ನೋಡಿ "ಮಾವ, ಮಿಷಿನ್ನು ಗಟ್ಟಿಮುಟ್ಟಾಗೈತೆ. ಒಳಗಿರೋ ಆಪರೇಟಿಂಗ್ ಸಿಸ್ಟಮ್ಮು ಇದಕ್ಕೆ ಭಾರ ಆಗೈತೆ ಅಷ್ಟೇ. ಅದನ್ನ ಬದಲಾಯಿಸೋಣ" ಅಂದ. ಬದಲಾಯಿಸಬಹುದು ಅನ್ನೋದೇ ನನಗೆ ಗೊತ್ತಿರಲಿಲ್ಲ. ಎತ್ತಿನ ಕೊಂಬು ಎತ್ತಿನ ಜೊತೆಯೇ ಹುಟ್ಟಿ ಬರುವ ಹಾಗೆ ವಿಂಡೋಸು ಲ್ಯಾಪ್‌ಟಾಪಿನ ಜೊತೆಯೇ ಬರೋದು ಅಂದುಕೊಂಡಿದ್ದೆ.

ಆಪರೇಟಿಂಗ್ ಸಿಸ್ಟಮ್ ಅಂದರೆ ಏನು ಅಂತ ತಾಯಂದಿರು ಕೇಳಬಹುದು. ನಮ್ಮ ಸಂಘವನ್ನೇ ನೋಡಿ. ಕಟ್ಟಡ ಇದೆ, ಕ್ಯಾನುಗಳಿವೆ, ತೂಕದ ಯಂತ್ರ ಇದೆ, ಫ್ಯಾಟು ನೋಡುವ ಯಂತ್ರ ಇದೆ. ಇವೆಲ್ಲ ಇದ್ದ ಮಾತ್ರಕ್ಕೆ ಸಂಘ ನಡೆಯುತ್ತದೆಯೇ? ಬೆಳಿಗ್ಗೆ ಬಾಗಿಲು ತೆಗೆದು, ಸಾಲಿನಲ್ಲಿ ಯಾರು ಮೊದಲು, ಯಾವ ಹಾಲು ಯಾವ ಕ್ಯಾನಿಗೆ, ಯಾರ ಲೆಕ್ಕ ಯಾವ ಪುಟಕ್ಕೆ ಅಂತ ನೋಡಿಕೊಳ್ಳೋಕೆ ಕಾರ್ಯದರ್ಶಿ ಬೇಕು. ಲ್ಯಾಪ್‌ಟಾಪಿನ ಒಳಗಿನ ಆ ಕಾರ್ಯದರ್ಶಿಯೇ ಆಪರೇಟಿಂಗ್ ಸಿಸ್ಟಮ್. ನಮ್ಮಂಥ ಸಣ್ಣ ಸಂಘಕ್ಕೆ ಜಿಲ್ಲಾ ಕಚೇರಿಯ ಅಷ್ಟೂ ಸಿಬ್ಬಂದಿಯನ್ನು ತಂದು ಕೂರಿಸಿದರೆ ಹಾಲು ಹಾಕೋರಿಗೆ ನಿಲ್ಲೋಕೂ ಜಾಗ ಇರೋದಿಲ್ಲ. ಎರಡು ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿಗೆ ಆಗಿದ್ದೂ ಅದೇ.

ಹುಡುಗ ತನ್ನ ಕಾಲೇಜಿನ ಕಂಪ್ಯೂಟರಿನಲ್ಲಿ ಲುಬುಂಟು ಅನ್ನೋ ಲಿನಕ್ಸನ್ನು ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿ ತಂದಿದ್ದ. ಆ ಪೆನ್‌ಡ್ರೈವನ್ನು ಚುಚ್ಚಿ, ಲ್ಯಾಪ್‌ಟಾಪನ್ನು ಅದರಿಂದಲೇ ಚಾಲೂ ಮಾಡಿದ. ಒಳಗಿದ್ದ ವಿಂಡೋಸನ್ನು ಮುಟ್ಟಲೇ ಇಲ್ಲ. "ಮೊದಲು ನೋಡೋಣ ಮಾವ, ಹಸು ತರೋಕೆ ಮುಂಚೆ ಕರೆದು ನೋಡಲ್ವಾ, ಹಂಗೆ" ಅಂದ. ಪರದೆ ಬಂತು, ವೈಫೈ ಸಿಕ್ಕಿತು, ಶಬ್ದ ಕೇಳಿತು, ಕ್ಯಾಮೆರಾದಲ್ಲಿ ನಮ್ಮ ಮುಖ ಬಂತು. ಅಷ್ಟಾದ ಮೇಲೆಯೇ ಅವನು ಒಳಗೆ ಸ್ಥಾಪಿಸಿದ್ದು. ಎಲ್ಲಾ ಸೇರಿ ಹತ್ತು ಜಿಬಿಯೂ ಹಿಡಿಯಲಿಲ್ಲ. ಖರ್ಚು ಪೆನ್‌ಡ್ರೈವಿನದು ಮಾತ್ರ. ಮಗಳು ಅದರಲ್ಲೇ ಪಿಯುಸಿ ಪಾಠ ಕೇಳಿದಳು. ಸುಳ್ಳು ಹೇಳಬಾರದು, ರೇಸಿನ ಕುದುರೆಯೇನೂ ಆಗಲಿಲ್ಲ. ಪಾಠ ನಡೆಯುವಾಗ ಇನ್ನೊಂದು ಕಿಟಕಿ ತೆರೆದರೆ ಮೇಷ್ಟ್ರ ಮಾತು ತೊದಲುತ್ತಿತ್ತು. ಆದರೆ ವರ್ಷ ಕಳೆಯಿತು, ಆ ದುಡ್ಡಿಗೆ ಪಡ್ಡೆ ಬಂತು. ಆ ಹಸು ಈಗಲೂ ಇದೆ, ಅದರ ಹಾಲನ್ನೂ ಇಲ್ಲಿಗೇ ಹಾಕ್ತಿದ್ದೇವೆ.

ಅಲ್ಲಿಂದ ನನಗೆ ಇದರ ಹುಚ್ಚು ಹಿಡೀತು. ಅಕ್ಕನ ಮಗನನ್ನು ಕೇಳಿ ಕೇಳಿ ಇದರ ಹಿಂದುಮುಂದು ತಿಳಿದುಕೊಂಡೆ. ತಿಳಿದ ಮೇಲೆ ಆಶ್ಚರ್ಯ ಆದದ್ದು ಏನೆಂದರೆ, ಈ ಸಣ್ಣ ಅಗ್ಗದ ಲ್ಯಾಪ್‌ಟಾಪುಗಳು ಹುಟ್ಟಿದ್ದೇ ಲಿನಕ್ಸಿನ ಜೊತೆ. ವಿಂಡೋಸು ಆಮೇಲೆ ಬಂದ ಅಳಿಯ.

ಅಮೆರಿಕದ ನಿಕೋಲಸ್ ನೆಗ್ರೊಪಾಂಟೆ ಎಂಬುವವರು 2005ರಲ್ಲಿ, ಬಡ ದೇಶದ ಮಕ್ಕಳಿಗೆ ನೂರು ಡಾಲರಿಗೆ ಒಂದು ಲ್ಯಾಪ್‌ಟಾಪು ಮಾಡಿಕೊಡ್ತೀವಿ ಅಂತ ಘೋಷಿಸಿದರು. ಮಗುವಿಗೊಂದು ಲ್ಯಾಪ್‌ಟಾಪ್ ಅನ್ನೋ ಯೋಜನೆ. 2007ರಲ್ಲಿ ಅದು ತಯಾರಾಗಿ ಬಂದಾಗ ಬೆಲೆ ನೂರಕ್ಕೆ ನಿಲ್ಲಲಿಲ್ಲ, ಸುಮಾರು ಎರಡು ಪಟ್ಟಾಯಿತು. ಹಸಿರು ಬಿಳಿ ಬಣ್ಣ, ರ‍್ಯಾಮು 256 ಎಂಬಿ ಮಾತ್ರ. ಒಂದು ಜಿಬಿಯ ಕಾಲು ಭಾಗ! ಅಷ್ಟರಲ್ಲಿ ಕೆಲಸ ಮಾಡಲೆಂದು ಲಿನಕ್ಸಿನ ಮೇಲೆ ಮಕ್ಕಳಿಗಾಗಿಯೇ ಶುಗರ್ ಎಂಬ ಪರದೆಯನ್ನು ಕಟ್ಟಿದರು. ಆ ವರ್ಷವೇ ನಮ್ಮ ಪಕ್ಕದ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಖೈರಾತ್ ಎಂಬ ಹಳ್ಳಿಯ ಶಾಲೆಗೆ ಪ್ರಯೋಗಕ್ಕೆಂದು ಅವನ್ನು ಕೊಟ್ಟಿದ್ದರು. ನಮ್ಮ ದೇಶ ಒಟ್ಟಾರೆ ಅದನ್ನು ಒಪ್ಪಲಿಲ್ಲ. ದಕ್ಷಿಣ ಅಮೆರಿಕದ ಉರುಗ್ವೆ ಎಂಬ ಸಣ್ಣ ದೇಶ 2009ರ ಹೊತ್ತಿಗೆ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆಲ್ಲ ಹಂಚಿತು.

ಅದೇ 2007ರ ಅಕ್ಟೋಬರಿನಲ್ಲಿ ತೈವಾನಿನ ಏಸಸ್ ಕಂಪನಿ ಈ-ಪಿಸಿ ಅನ್ನೋದನ್ನು ಮಾರುಕಟ್ಟೆಗೆ ಬಿಟ್ಟಿತು. ಏಳು ಇಂಚಿನ ಪರದೆ, ಒಂದು ಕೆಜಿಗಿಂತ ಕಡಿಮೆ ತೂಕ, 512 ಎಂಬಿ ರ‍್ಯಾಮು, ಸಾಮಾನು ಇಡೋಕೆ ನಾಲ್ಕೇ ಜಿಬಿ ಜಾಗ. ಆ ವರ್ಷವಷ್ಟೇ ಮೈಕ್ರೋಸಾಫ್ಟಿನವರು ವಿಂಡೋಸ್ ವಿಸ್ತಾ ತಂದಿದ್ದರು. ಅದಕ್ಕೆ ಕಾಲು ಚಾಚೋಕೆ ಹದಿನೈದು ಜಿಬಿ ಜಾಗ ಬೇಕು. ನಾಲ್ಕು ಜಿಬಿಯ ಮನೆಗೆ ಹದಿನೈದು ಜಿಬಿಯ ನೆಂಟ ಹೇಗೆ ಬಂದಾನು? ಹಾಗಾಗಿ ಏಸಸ್‌ನವರು ಲಿನಕ್ಸ್ ಹಾಕಿಯೇ ಮಾರಿದರು. ಜನ ಮುಗಿಬಿದ್ದು ಕೊಂಡರು. ನೋಡನೋಡ್ತಿದ್ದ ಹಾಗೆ ಏಸರ್ ಮುಂತಾದ ಬೇರೆ ಕಂಪನಿಯವರೂ ಬಂದರು. ನೆಟ್‌ಬುಕ್ ಅಂತ ಹೆಸರು ಬಿತ್ತು.

ಮೈಕ್ರೋಸಾಫ್ಟಿನವರು ಸುಮ್ಮನಿರ್ತಾರೆಯೇ? 2008ರ ಜೂನಿಗೆ ಮಾರಾಟ ನಿಲ್ಲಿಸಬೇಕು ಅಂತ ಇದ್ದ ಹಳೇ ವಿಂಡೋಸ್ ಎಕ್ಸ್‌ಪಿಯನ್ನು ಈ ಸಣ್ಣ ಲ್ಯಾಪ್‌ಟಾಪುಗಳಿಗೆ ಮಾತ್ರ ಕೊಡೋದನ್ನ 2010ರವರೆಗೆ ಮುಂದುವರಿಸಿದರು. ಜನಕ್ಕೂ ಅಭ್ಯಾಸ ಆಗಿದ್ದದ್ದು ಅದೇ. ಲಿನಕ್ಸ್ ಹಾಕಿದ ಯಂತ್ರಗಳು ನಾಲ್ಕು ಪಟ್ಟು ಹೆಚ್ಚು ವಾಪಸ್ ಬರ್ತಿವೆ ಅಂತ ಎಂಎಸ್‌ಐ ಕಂಪನಿಯವರು 2008ರಲ್ಲಿ ಹೇಳಿದರು. ಏಸಸ್‌ನವರು ನಮಗೆ ಹಾಗೇನೂ ಆಗಿಲ್ಲ ಅಂದರು. ಯಾರದು ಸರಿಯೋ, ಒಂದೆರಡು ವರ್ಷದಲ್ಲಿ ನೆಟ್‌ಬುಕ್ಕುಗಳ ಬಹುಪಾಲು ವಿಂಡೋಸಿನ ಪಾಲಾಯಿತು. 2009ರಲ್ಲಿ ಇವಕ್ಕೆಂದೇ ವಿಂಡೋಸ್ 7 ಸ್ಟಾರ್ಟರ್ ಅಂತ ಒಂದು ತಂದರು. ಅದರಲ್ಲಿ ಪರದೆಯ ಹಿಂದಿನ ಚಿತ್ರ ಬದಲಾಯಿಸೋಕೂ ಅವಕಾಶ ಇರಲಿಲ್ಲ. ದುಡ್ಡು ಕೊಟ್ಟು ಕೊಂಡ ಮನೆಗೆ ನಮಗೆ ಬೇಕಾದ ಸುಣ್ಣ ಹೊಡೆಯೋ ಹಾಗಿಲ್ಲ ಅಂದ ಹಾಗೆ!

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಸಂಘಕ್ಕೆ 2011ರಲ್ಲಿ ತಂದ ಹತ್ತು ಇಂಚಿನ ಸಣ್ಣ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಅದೇ ಸ್ಟಾರ್ಟರ್. ಆಗಿನ ನಮ್ಮ ಕಾರ್ಯದರ್ಶಿಗಳು, ಹಿರಿಯರು, ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಸಂಘದ ಉದ್ಘಾಟನೆಯ ಫೋಟೋವನ್ನು ಅದರ ಪರದೆಗೆ ಹಾಕಬೇಕು ಅಂತ ಎಷ್ಟು ಒದ್ದಾಡಿದರು! "ನನಗೆ ಬರಲ್ಲ ಕಣಪ್ಪ" ಅಂತ ಬಿಟ್ಟುಬಿಟ್ಟರು. ಅದು ಅವರ ತಪ್ಪಾಗಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಹತ್ತು ವರ್ಷ ಆದ ಮೇಲೆ.

ಆ ಫೋಟೋದ ಮಾತಿಗೆ ಬರ್ತೀನಿ. ಅದಕ್ಕೆ ಮುಂಚೆ ಲಿನಕ್ಸ್ ಪುಕ್ಕಟೆ ಹೇಗೆ ಸಿಗುತ್ತದೆ ಅನ್ನೋ ಅನುಮಾನ ಪರಿಹಾರ ಮಾಡಬೇಕು. ಪುಕ್ಕಟೆ ಅಂದರೆ ಏನೋ ಮೋಸ ಇರಬೇಕು ಅಂತ ನಮ್ಮ ಜನ ಅಂದುಕೊಳ್ತಾರೆ, ಅನ್ನಿಸೋದು ಸಹಜ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು, ತಂತ್ರಾಂಶವನ್ನು ಯಾರು ಬೇಕಾದರೂ ಬಳಸುವ, ಬಿಚ್ಚಿ ನೋಡುವ, ತಿದ್ದುವ, ಇನ್ನೊಬ್ಬರಿಗೆ ಕೊಡುವ ಹಕ್ಕು ಇರಬೇಕು ಅಂತ ಗ್ನೂ ಎಂಬ ಕೆಲಸ ಘೋಷಿಸಿದರು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ಇಪ್ಪತ್ತೊಂದು ವರ್ಷದ ಹುಡುಗ ಲೈನಸ್ ಟೊರ್ವಾಲ್ಡ್ಸ್, ಕಂಪ್ಯೂಟರಿನ ತಿರುಳಾದ ಭಾಗವನ್ನು ಬರೆದು ಎಲ್ಲರ ಮುಂದೆ ಇಟ್ಟ. ಅಲ್ಲಿಂದ ಊರೂರಿನವರು, ದೇಶದೇಶದವರು ತಮಗೆ ಗೊತ್ತಿದ್ದದ್ದನ್ನು ಸೇರಿಸ್ತಾ ಬಂದರು. ದೊಡ್ಡ ದೊಡ್ಡ ಕಂಪನಿಗಳೂ ತಮಗೆ ಬೇಕಾದ್ದಕ್ಕೆ ಸಂಬಳ ಕೊಟ್ಟು ಜನರನ್ನು ಇಟ್ಟು ಬರೆಸ್ತಾರೆ. ನಮ್ಮಲ್ಲಿ ನಾಟಿಗೆ, ಕಟಾವಿಗೆ ಮುಯ್ಯಾಳು ಹೋಗೋದಿಲ್ಲವೇ? ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಲಿನಕ್ಸು ಅಂಥ ಮುಯ್ಯಾಳಿನ ಬೆಳೆ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ತಿರುಳಿನಲ್ಲಿರೋದೂ ಅದೇ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯೋದೂ ಇದರಲ್ಲೇ.

ಈ ಲಿನಕ್ಸಿನಲ್ಲಿ ಒಂದೇ ಜಾತಿ ಇಲ್ಲ, ರಾಗಿಯಲ್ಲಿ ತಳಿಗಳಿದ್ದ ಹಾಗೆ ನೂರೆಂಟಿವೆ. ಎಲ್ಲದರ ಹೆಸರು ಹೇಳಿ ನಿಮ್ಮ ತಲೆ ತಿನ್ನೋದಿಲ್ಲ. ನಾಲ್ಕು ಜಿಬಿ ರ‍್ಯಾಮು ಇದ್ದರೆ ಲಿನಕ್ಸ್ ಮಿಂಟ್ ಹಾಕಿ, ಅದರಲ್ಲೂ ಎಕ್ಸ್‌ಎಫ್‌ಸಿಇ ಅನ್ನೋದು ಹಗೂರ. ವಿಂಡೋಸ್ ನೋಡಿದ ಕಣ್ಣಿಗೆ ಹೊಸದು ಅನ್ನಿಸೋದೇ ಇಲ್ಲ. ನಮ್ಮ ಮನೆಯದರ ಹಾಗೆ ಎರಡು ಜಿಬಿ ಇದ್ದರೆ ಲುಬುಂಟು. ಒಂದು ಜಿಬಿಯ ಹಳೇ ನೆಟ್‌ಬುಕ್ ಆದರೆ ಆಂಟಿಎಕ್ಸ್, ಇಲ್ಲಾಂದ್ರೆ ಪಪ್ಪಿ. ಈ ಪಪ್ಪಿಯನ್ನು 2003ರಲ್ಲಿ ಶುರು ಮಾಡಿದ್ದು ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಎಂಬುವವರು, ತಮ್ಮ ನಾಯಿಯ ಹೆಸರನ್ನೇ ಇಟ್ಟರು. ಅದು ಹಾರ್ಡ್‌ಡಿಸ್ಕ್ ಇಲ್ಲದೆ ಪೆನ್‌ಡ್ರೈವಿನಿಂದಲೇ ಓಡುತ್ತದೆ. ತೀರಾ ಹಳೇ ಕಾಲದ 32 ಬಿಟ್ ಪ್ರೊಸೆಸರ್ ಇದ್ದರೆ ಸ್ವಲ್ಪ ಕಷ್ಟ. ಉಬುಂಟುವಿನವರು ಅದನ್ನು ಕೈಬಿಟ್ಟು ಬಹಳ ವರ್ಷ ಆಯಿತು. ಡೆಬಿಯನ್‌ನವರೂ 2025ರ ಆಗಸ್ಟಿನಲ್ಲಿ ತಂದ 13ನೇ ಆವೃತ್ತಿಯಿಂದ ಅಂಥ ಯಂತ್ರಕ್ಕೆ ಹೊಸದಾಗಿ ಸ್ಥಾಪಿಸುವ ವ್ಯವಸ್ಥೆ ನಿಲ್ಲಿಸಿದರು.

ಗೂಗಲ್‌ನವರದ್ದೂ ಒಂದಿದೆ, ಕ್ರೋಮ್ ಓಎಸ್. 2011ರಿಂದ ಕ್ರೋಮ್‌ಬುಕ್ ಅಂತ ಸಣ್ಣ ಲ್ಯಾಪ್‌ಟಾಪುಗಳಲ್ಲಿ ಅದನ್ನು ಹಾಕಿ ಮಾರ್ತಿದ್ದಾರೆ. 2022ರಲ್ಲಿ ಹಳೇ ಲ್ಯಾಪ್‌ಟಾಪಿಗೂ ಹಾಕಿಕೊಳ್ಳಲಿ ಅಂತ ಕ್ರೋಮ್ ಓಎಸ್ ಫ್ಲೆಕ್ಸ್ ಅನ್ನೋದನ್ನು ಪುಕ್ಕಟೆ ಬಿಟ್ಟರು. ನಾಲ್ಕು ಜಿಬಿ ರ‍್ಯಾಮು ಬೇಕು. ನಾನೂ ಹಾಕಿ ನೋಡಿದೆ. ಚುರುಕಾಗಿದೆ, ಕೆಡೋದಿಲ್ಲ. ಆದರೆ ಮೊಬೈಲಿನ ಆ್ಯಪುಗಳು ಅದರಲ್ಲಿ ಬರೋದಿಲ್ಲ, ನೆಟ್ ಇಲ್ಲದಿದ್ದರೆ ಅರ್ಧ ಕೆಲಸ ನಿಂತುಹೋಗುತ್ತೆ. ನಮ್ಮೂರಿನಲ್ಲಿ ಮೋಡ ಕವಿದರೆ ಸಿಗ್ನಲ್ ಹೋಗೋದು ನಿಮಗೇ ಗೊತ್ತು. ನನ್ನ ಮನಸ್ಸಿಗೆ ಅದು ಪಟ್ಟಣದ ಸರಕು.

ಈಗ ನನ್ನ ತಪ್ಪಿನ ಮಾತು.

ಮಗಳ ಲ್ಯಾಪ್‌ಟಾಪು ಸರಿ ಆದ ಮೇಲೆ ನಾನು ಊರಿಗೇ ಪಂಡಿತ ಆಗಿಬಿಟ್ಟೆ. ನಾಲ್ಕೈದು ಜನರದ್ದಕ್ಕೆ ನಾನೇ ಹಾಕಿಕೊಟ್ಟೆ. 2021ರಲ್ಲಿ ಸಂಘದ ಆ ಹಳೇ ಸಣ್ಣ ಲ್ಯಾಪ್‌ಟಾಪಿನ ಕಡೆ ಕಣ್ಣು ಬಿತ್ತು. ವಿಂಡೋಸ್ 7ಕ್ಕೆ ರಕ್ಷಣೆ ಕೊಡೋದನ್ನು ಮೈಕ್ರೋಸಾಫ್ಟಿನವರು 2020ರ ಜನವರಿ 14ಕ್ಕೇ ನಿಲ್ಲಿಸಿದ್ದರು. ಹಾಲಿನ ಲೆಕ್ಕಕ್ಕೆ ಬೇರೆ ದೊಡ್ಡ ಕಂಪ್ಯೂಟರ್ ಬಂದಿತ್ತು. ಇದು ಮೂಲೆಯಲ್ಲಿತ್ತು. ಯಾರನ್ನೂ ಕೇಳಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಕಚೇರಿ ಬೀಗ ತೆಗೆಸಿಕೊಂಡು ಒಬ್ಬನೇ ಕೂತೆ. ಸ್ಥಾಪನೆ ಮಾಡುವಾಗ ಅದು ಒಂದು ಪ್ರಶ್ನೆ ಕೇಳುತ್ತದೆ: ಇಡೀ ಡಿಸ್ಕನ್ನು ಬಳಸಿಕೊಳ್ಳಲೇ ಅಂತ. ಹಾಗಂದರೆ ಅದರಲ್ಲಿರೋದನ್ನೆಲ್ಲ ಅಳಿಸಲೇ ಅಂತ ಅರ್ಥ. ಇಂಗ್ಲಿಷಿನಲ್ಲಿತ್ತು, ಓದೋಕೆ ಬರ್ತಿತ್ತು, ಅರ್ಥವೂ ಆಗ್ತಿತ್ತು. ಗೊತ್ತಿಲ್ಲದೆ ಒತ್ತಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಇದರಲ್ಲಿ ಇನ್ನೇನಿರುತ್ತೆ ಅನ್ನೋ ಧಿಮಾಕಿನಲ್ಲಿ ಒತ್ತಿದೆ.

ಅದರ ಡಿ ಡ್ರೈವಿನಲ್ಲಿ 2000ನೇ ಇಸವಿಯ ಉದ್ಘಾಟನೆಯ ದಿನದ ನಲವತ್ತು ಚಿಲ್ಲರೆ ಫೋಟೋಗಳಿದ್ದವು. ಆ ದಿನ ತೆಗೆಸಿದ್ದು ರೀಲು ಕ್ಯಾಮೆರಾದಲ್ಲಿ. ಆಲ್ಬಮ್ಮಿಗೆ ಗೆದ್ದಲು ಹಿಡಿಯೋಕೆ ಶುರುವಾದಾಗ ನಮ್ಮ ಹಳೇ ಕಾರ್ಯದರ್ಶಿಗಳು ಒಂದೊಂದೇ ಫೋಟೋವನ್ನು ಜೋಪಾನವಾಗಿ ಕಿತ್ತು, ತಾಲ್ಲೂಕಿಗೆ ಬಸ್ಸಿನಲ್ಲಿ ಹೋಗಿ, ಝೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ತಂದು ಅದರಲ್ಲಿ ಇಟ್ಟಿದ್ದರು. ಆಲ್ಬಮ್ಮು ಆಮೇಲೆ ಪೂರ್ತಿ ಹೋಯಿತು. ಉಳಿದಿದ್ದದ್ದು ಈ ಒಂದೇ ಕಡೆ.

ಆ ಫೋಟೋಗಳಲ್ಲಿ ನಮ್ಮ ಮೊದಲನೇ ಅಧ್ಯಕ್ಷರಿದ್ದರು, ಈಗ ಇಲ್ಲ. ಮೊದಲ ದಿನ ಮೊದಲು ಹಾಲು ಹಾಕಿದ ಅಜ್ಜಿ ಇದ್ದರು, ಅವರೂ ಇಲ್ಲ. ನಮ್ಮಪ್ಪ ಇದ್ದರು. ತಲೆಗೆ ವಸ್ತ್ರ ಸುತ್ತಿಕೊಂಡು ಕ್ಯಾನಿನ ಪಕ್ಕ ನಿಂತಿದ್ದರು, ಹಿಂದೆ ನಾನು, ಆಗ ಇಪ್ಪತ್ತೊಂದು ವರ್ಷ. ನಮ್ಮ ಮನೆಯಲ್ಲಿ ಅಪ್ಪನ ಬೇರೆ ಫೋಟೋ ಇದೆ, ರೇಷನ್ ಕಾರ್ಡಿಗೆ ತೆಗೆಸಿದ್ದು. ನಗುತ್ತಾ ಇದ್ದದ್ದು ಅದೊಂದೇ.

ಎರಡು ದಿನ ಆದ ಮೇಲೆ ಹಳೇ ಕಾರ್ಯದರ್ಶಿಗಳು ಬಂದು "ಏನಪ್ಪ, ಹೊಸದು ಮಾಡಿದೆಯಂತೆ, ಈಗಲಾದರೂ ಆ ಫೋಟೋನ ಪರದೆಗೆ ಹಾಕ್ಕೊಡು" ಅಂದರು. ಆಗ ನನ್ನ ಕೈಕಾಲು ತಣ್ಣಗಾಯಿತು. ಅಕ್ಕನ ಮಗನನ್ನು ಕರೆಸಿದೆ. ಅವನು ಫೋಟೋರೆಕ್ ಅನ್ನೋ ತಂತ್ರಾಂಶ ಹಾಕಿ ರಾತ್ರಿಯೆಲ್ಲ ಹುಡುಕಿಸಿದ. ಮೇಲೆ ಹೊಸದು ಬರೆದುಬಿಟ್ಟ ಜಾಗದ್ದು ಬರೋದಿಲ್ಲ ಅಂದ. ಸಿಕ್ಕಿದ್ದು ಮೂರು. ಅದರಲ್ಲಿ ಒಂದು ಅರ್ಧ ಮಾತ್ರ ಇದೆ, ಕೆಳಗಿನರ್ಧ ಬರೀ ಬೂದು ಬಣ್ಣ. ಕಾರ್ಯದರ್ಶಿಗಳು ಒಂದು ಬೈಗುಳ ಬೈಯಲಿಲ್ಲ. "ಹೋಗ್ಲಿ ಬಿಡಪ್ಪ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆದ್ದರಿಂದ ಬಂಧುಗಳೇ, ಆಪರೇಟಿಂಗ್ ಸಿಸ್ಟಮ್ ಬದಲಾಯಿಸೋಕೆ ಹೋಗುವ ಮುಂಚೆ ಅದರಲ್ಲಿ ಏನೇನಿದೆ ಅಂತ ಮನೆಯವರನ್ನೆಲ್ಲ ಕೇಳಿ. ಮಕ್ಕಳನ್ನು ಕೇಳಿ, ಹಿಂದೆ ಬಳಸ್ತಿದ್ದವರನ್ನು ಕೇಳಿ. ಸಿ ಡ್ರೈವ್, ಡಿ ಡ್ರೈವ್, ಡೆಸ್ಕ್‌ಟಾಪು ಎಲ್ಲವನ್ನೂ ಬೇರೆ ಪೆನ್‌ಡ್ರೈವಿಗೆ ನಕಲು ಮಾಡಿ, ಆ ಪೆನ್‌ಡ್ರೈವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ಫೋಟೋ ತೆರೆಯುತ್ತದೆಯೇ ಅಂತ ಕಣ್ಣಾರೆ ನೋಡಿ, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಆಮೇಲೆ ಬಂದು ಕೂತುಕೊಳ್ಳಿ. ಸ್ಥಾಪನೆಯ ಪೆನ್‌ಡ್ರೈವ್ ಬೇರೆ, ನಕಲಿನ ಪೆನ್‌ಡ್ರೈವ್ ಬೇರೆ ಇರಬೇಕು. ಸ್ಥಾಪನೆಯ ಪೆನ್‌ಡ್ರೈವ್ ತಯಾರು ಮಾಡುವಾಗಲೂ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತೆ, ನೆನಪಿಡಿ.

ಆಮೇಲೆ ಅಕ್ಕನ ಮಗ ಮಾಡಿದ ಹಾಗೆ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ಕೆಲವು ಅಗ್ಗದ ಯಂತ್ರಗಳಲ್ಲಿ ವೈಫೈ ತಕ್ಷಣ ಸಿಗೋದಿಲ್ಲ. ಹೆದರಬೇಡಿ, ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಅದರ ನೆಟ್ಟನ್ನೇ ಕೊಟ್ಟು, ಬೇಕಾದ ಡ್ರೈವರ್ ಇಳಿಸಿಕೊಳ್ಳಬಹುದು. ಇನ್ನು ಕೆಲವು ಆಟಮ್ ಯಂತ್ರಗಳು ಪೆನ್‌ಡ್ರೈವನ್ನೇ ಗುರುತಿಸೋದಿಲ್ಲ, 2014, 15ರ ಸುಮಾರಿನವು. ಪ್ರೊಸೆಸರ್ 64 ಬಿಟ್, ಅದನ್ನು ಎಬ್ಬಿಸುವ ಭಾಗ ಮಾತ್ರ 32 ಬಿಟ್. ಅಂಥದ್ದು ಬಂದರೆ ಗೊತ್ತಿರುವ ಹುಡುಗರನ್ನು ಕರೀರಿ, ನನ್ನನ್ನು ಕರೀಬೇಡಿ.

ಕನ್ನಡದ ಬಗ್ಗೆ ಒಂದು ಮಾತು. ಲಿನಕ್ಸಿನಲ್ಲಿ ಕನ್ನಡ ಬರುತ್ತದೆಯೇ ಅಂತ ಬಹಳ ಜನ ಕೇಳ್ತಾರೆ. ಚೆನ್ನಾಗಿ ಬರುತ್ತದೆ. ನಾವು ನುಡಿಯಲ್ಲಿ ಬೆರಳಚ್ಚು ಮಾಡ್ತೀವಲ್ಲ, ಕೆ.ಪಿ. ರಾವ್ ಅವರು ರೂಪಿಸಿದ ಆ ಕೀಲಿಮಣೆ ವಿನ್ಯಾಸವೇ ಅದರಲ್ಲೂ ಇದೆ, ಕೆಜಿಪಿ ಅನ್ನೋ ಹೆಸರಿನಲ್ಲಿ. ಅಕ್ಷರಕ್ಕೆ ಗುಬ್ಬಿ, ನವಿಲು ಅಂತ ಚೆಂದದ ಫಾಂಟುಗಳು ಪುಕ್ಕಟೆ ಸಿಗ್ತವೆ. ತೊಂದರೆ ಇರೋದು ಹಳೇ ಕಡತಗಳದ್ದು. ಯೂನಿಕೋಡ್ ಬರುವ ಮುಂಚೆ ನುಡಿಯಲ್ಲಿ, ಬರಹದಲ್ಲಿ ಟೈಪು ಮಾಡಿಟ್ಟ ನಡಾವಳಿಗಳನ್ನು ತೆರೆದರೆ ಇಂಗ್ಲಿಷು ಅಕ್ಷರಗಳು, ಚಿಹ್ನೆಗಳು ಕಲಸಿದ ಹಾಗೆ ಕಾಣ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತನೆ ಮಾಡಿಕೊಳ್ಳಬೇಕು, ಅದಕ್ಕೆ ಸಾಧನಗಳಿವೆ. ಸಂಘದ ಹಳೇ ನಡಾವಳಿಗಳನ್ನು ನಮ್ಮ ಈಗಿನ ಕಾರ್ಯದರ್ಶಿಗಳು ಹೀಗೆ ಮಾಡಿಯೇ ಉಳಿಸಿದ್ದಾರೆ. ಒತ್ತಕ್ಷರ ಅಲ್ಲಲ್ಲಿ ಎಡವುತ್ತೆ, ಕೂತು ತಿದ್ದಬೇಕು.

ಎಲ್ಲಾ ಕಡೆಗೂ ಲಿನಕ್ಸ್ ಹಾಕಿ ಅಂತ ನಾನು ಹೇಳೋದಿಲ್ಲ. ಹಾಲು ತೂಗುವ, ಫ್ಯಾಟು ನೋಡುವ ಯಂತ್ರಕ್ಕೆ ಜೋಡಿಸಿರುವ ನಮ್ಮ ಕಂಪ್ಯೂಟರಿನ ತಂತ್ರಾಂಶ ವಿಂಡೋಸಿಗೆಂದೇ ಬರೆದದ್ದು. ಅದರ ತಂಟೆಗೆ ಹೋಗಬಾರದು. ನಿಮ್ಮಲ್ಲಿ ಯಾರಾದರೂ ಅಂಗಡಿ ಇಟ್ಟು ಟ್ಯಾಲಿಯಲ್ಲಿ ಲೆಕ್ಕ ಬರೀತಿದ್ದರೆ ಅದೂ ಹಾಗೇ. ಕೆಲವು ಅಗ್ಗದ ಪ್ರಿಂಟರುಗಳೂ ಲಿನಕ್ಸಿಗೆ ಮುಖ ತಿರುಗಿಸ್ತವೆ. ಆದರೆ ಮಗು ಓದೋಕೆ, ಪಹಣಿ ನೋಡೋಕೆ, ಅರ್ಜಿ ಬರೆಯೋಕೆ, ಮನೆ ಲೆಕ್ಕ ಇಡೋಕೆ ಇಷ್ಟು ಸಾಕು. ಲೆಕ್ಕಕ್ಕೂ ಪತ್ರಕ್ಕೂ ಲಿಬ್ರೆ ಆಫೀಸ್ ಜೊತೆಯಲ್ಲೇ ಬರುತ್ತೆ.

ಇದನ್ನೆಲ್ಲ ಈಗಲೇ ಹೇಳೋಕೆ ಕಾರಣ ಇದೆ. ವಿಂಡೋಸ್ 10ಕ್ಕೆ ಮಾಮೂಲಿ ರಕ್ಷಣೆ ಕೊಡೋದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಅವಧಿ ಅಂದಿದ್ದಾರೆ, ಅಷ್ಟೇ. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ನಾಲ್ಕು ಜಿಬಿ ರ‍್ಯಾಮು, 64 ಜಿಬಿ ಜಾಗ, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ಪು, ಜೊತೆಗೆ ಈಚಿನ ಪ್ರೊಸೆಸರ್ ಬೇಕು. ಹಳೇ ಸಣ್ಣ ಲ್ಯಾಪ್‌ಟಾಪುಗಳು ಈ ಪರೀಕ್ಷೆಯಲ್ಲಿ ಫೇಲು. ರಕ್ಷಣೆ ಇಲ್ಲದ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹಾಕೋದು ಬಾಗಿಲಿಲ್ಲದ ಕೊಟ್ಟಿಗೆಯಲ್ಲಿ ಹಸು ಕಟ್ಟಿದ ಹಾಗೆ. ಈಗ ಅಂಗಡಿಗಳಲ್ಲಿ ಮತ್ತೆ "ಗುಜರಿಗೆ ಹಾಕಿ" ಅನ್ನೋ ಮಾತು ಶುರುವಾಗಿದೆ. ನಮ್ಮ ಆಡಳಿತ ಮಂಡಳಿಯ ಸಭೆಗೂ ಸಂಘದ ಹಳೇ ಯಂತ್ರಗಳ ವಿಲೇವಾರಿ ವಿಷಯ ಬಂದಿತ್ತು. ಆ ಹತ್ತು ಇಂಚಿನದೂ ಪಟ್ಟಿಯಲ್ಲಿತ್ತು. ನಾನು ಕೈ ಎತ್ತಿ, ಅದೊಂದನ್ನು ಬಿಡಿ ಅಂತ ಕೇಳಿಕೊಂಡೆ. ಉಳಿದ ನಿರ್ದೇಶಕರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಈಗ ಅದು ಆಂಟಿಎಕ್ಸ್‌ನಲ್ಲಿ ನಡೀತಿದೆ. ನೋಟೀಸು ಬರೆಯೋಕೆ, ಸಭೆಯ ಕರೆಯೋಲೆ ಬರೆಯೋಕೆ ಸಾಕಷ್ಟಾಯಿತು. ಬ್ಯಾಟರಿ ಸತ್ತಿದೆ, ವೈರು ಚುಚ್ಚಿಕೊಂಡೇ ಇರಬೇಕು.

ಅದರ ಪರದೆಯ ಮೇಲೆ ಈಗ ಒಂದು ಫೋಟೋ ಇದೆ. ಉಳಿದ ಮೂರರಲ್ಲಿ ಅರ್ಧ ಇರುವಂಥದ್ದು. ಹಳೇ ಕಾರ್ಯದರ್ಶಿಗಳೇ ಅದನ್ನು ಹಾಕು ಅಂದರು. ಮೊದಲನೇ ಅಧ್ಯಕ್ಷರ ಮುಖ, ತೋರಣ, ನಾಮಫಲಕದ ಅರ್ಧ ಕಾಣುತ್ತೆ. ಕೆಳಗೆ ನಿಂತಿದ್ದವರು ಯಾರೂ ಕಾಣೋದಿಲ್ಲ.

ಅವತ್ತು ಉದ್ಘಾಟನೆಗೆ ಬಂದಿದ್ದವರಲ್ಲಿ ಕೆಲವರು ತಾವೂ ಫೋಟೋ ಪ್ರತಿ ತಗೊಂಡಿದ್ದರು ಅಂತ ಹಿರಿಯರು ಹೇಳ್ತಾರೆ. ಯಾರದಾದರೂ ಮನೆಯ ಪೆಟ್ಟಿಗೆಯಲ್ಲಿ, ದೇವರ ಪಟದ ಹಿಂದೆ, ಹಳೇ ಪಾಸ್‌ಬುಕ್ಕಿನ ಒಳಗೆ ಒಂದಾದರೂ ಇದ್ದೀತು. ದಯವಿಟ್ಟು ಹುಡುಕಿ. ಸ್ಮರಣ ಸಂಚಿಕೆ ಅಚ್ಚಿಗೆ ಹೋಗೋದಕ್ಕೆ ಇನ್ನೂ ಮೂರು ವಾರ ಇದೆ. ಸಂಜೆ ಹಾಲು ಹಾಕೋಕೆ ಬರುವಾಗ ತಂದುಕೊಡಿ, ನಿಮ್ಮ ಎದುರಿಗೇ ಸ್ಕ್ಯಾನ್ ಮಾಡಿ, ಕ್ಯಾನು ತೊಳೆದು ಹೊರಡೋ ಹೊತ್ತಿಗೆ ನಿಮ್ಮ ಕೈಗೇ ವಾಪಸ್ ಕೊಡ್ತೀವಿ. ಈ ಸಲ ಮೂರು ಕಡೆ ಇಡ್ತೀವಿ. ಒಂದು ಸಂಘದಲ್ಲಿ, ಒಂದು ಅಧ್ಯಕ್ಷರ ಮನೆಯಲ್ಲಿ, ಇನ್ನೊಂದು ಹಳೇ ಕಾರ್ಯದರ್ಶಿಗಳ ಹತ್ತಿರ.